ಕಾಲಾಯ ತಸ್ಮೈ ನಮಃ, ನಿಮಗೂ ನಮಃ

ಬಳಗದ ಎಲ್ಲರಿಗೂ ನಮಸ್ಕಾರ.

ಒಳ್ಳೆ ಸುದ್ದಿ. ಡಾಕ್ಟರು ಎಕ್ಸ್‌ರೇ ನೋಡಿ, ಕಾಲಿನ ಮೂಳೆ ಕೂಡಿದೆ, ಇನ್ನು ಧೈರ್ಯವಾಗಿ ನಡೆಯಿರಿ ಅಂದರು. ನಡೆದೆ. ಸ್ವಲ್ಪ ಕುಂಟುತ್ತೇನೆ, ಪರವಾಗಿಲ್ಲ. ಡಾಕ್ಟರಿಗೆ, ನರ್ಸ್‌ಗಳಿಗೆ, ಫಿಸಿಯೋ ಮಾಡಿಸಿದವರಿಗೆ, ಮನೆಯವರಿಗೆ ಎದುರಿಗೇ ಥ್ಯಾಂಕ್ಸ್ ಹೇಳಿದ್ದಾಯಿತು. ಉಳಿದವರು ನೀವು. ನಿಮಗೆ ಎದುರಿಗೆ ಹೇಳಿದರೆ ಅರ್ಧ ಮಾತಿಗೇ ಬಾಯಿ ಹಾಕುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಕಾಲು ಮುರಿದ ಸುದ್ದಿ ಕೇಳಿ ಬೇರೆಯವರೆಲ್ಲ "ಅಯ್ಯೋ ಪಾಪ" ಅಂದರು. ನಿಮ್ಮಿಂದ ಬಂದ ಮೊದಲ ಮೆಸೇಜು "ಕಾಲಾಯ ತಸ್ಮೈ ನಮಃ". ಎರಡನೆಯದು, "ಕಾಲ್ ಮಾಡ್ಲಾ ಗುರು, ಇಲ್ಲ ಇರೋದೇ ಸಾಕಾ?" ಮನೆಯವರಿಗೆ ಇದು ವಿಚಿತ್ರ ಅನ್ನಿಸಿತು. ನನಗೆ ಮಾತ್ರ ಹಾಯೆನಿಸಿತು. ಪಾಪ ಅನ್ನಿಸಿಕೊಂಡು ಮಲಗಿರೋದು ನೋವಿಗಿಂತ ಜಾಸ್ತಿ ಸುಸ್ತು ಮಾಡುತ್ತದೆ. ಕಾಲೆಳೀತಿದ್ದಾರೆ ಅಂದರೆ ನಮ್ಮನ್ನ ಇನ್ನೂ ಲೆಕ್ಕದಲ್ಲಿ ಇಟ್ಟಿದ್ದಾರೆ ಅಂತ, ಅಲ್ವಾ?

ಆಮೇಲೆ ಶುರುವಾಯಿತು ನೋಡಿ. ಒಂದು ಕಾಲು ಹೋಗಿದ್ದಕ್ಕೆ ನಾನು ಅರೆಕಾಲಿಕ. ಊರುಗೋಲು ಸೇರಿದ ಮೇಲೆ ಮುಕ್ಕಾಲು. ಆಫೀಸಿಗೆ ಹಾಕಿದ್ದು ಅಕಾಲಿಕ ರಜೆ. "ಕಾಲಕ್ಕೆ ತಕ್ಕಂತೆ ನಡೀಬೇಕಪ್ಪ" ಅನ್ನೋ ಬುದ್ಧಿವಾದ ಬೇರೆ. ಇಷ್ಟರಲ್ಲಿ ನಮ್ಮ ಮೇಷ್ಟ್ರು ಬಂದು, ಮಳೆಗಾಲ ಆಗಲಿ ಎಡಗಾಲು ಆಗಲಿ, ಎರಡರಲ್ಲೂ ಕಕಾರ ಹೋಗಿ ಗಕಾರ ಬಂದಿದೆ, ಎರಡೂ ಆದೇಶಸಂಧಿ ಅಂದರು. ಸಂಧಿ ಹೇಳಿಕೊಟ್ಟು ನಿಮಗೆ ಸಂದಿ ತೋರಿಸಿಬಿಟ್ಟರು. ಮರುಗಳಿಗೆಗೇ ಬಂತು: "ಮಳೆಗಾಲ ಮುಗೀತು, ಚಳಿಗಾಲ ಬಂತು, ನಿಂಗೆ ಮಾತ್ರ ಇನ್ನೂ ಎಡಗಾಲ!"

ಆಪರೇಷನ್ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆ ಅಂತ ಬರೆಯೋಕೆ ಸಂಕೋಚ. ಸುಮ್ನೆ "ನಾಳೆ ಕುಯ್ತಾರೆ" ಅಂತ ಹಾಕಿದೆ. ಅಕ್ಕ, ನೀವು ತಕ್ಷಣ ಬರೆದಿರಿ: "ನಾವು ದಿನಾ ಕುಯ್ತೀವಿ. ಅವರು ಮತ್ತು ಬರೋ ಇಂಜೆಕ್ಷನ್ನಾದ್ರೂ ಕೊಡ್ತಾರೆ." ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಬೆಡ್ಡಿನ ಅಜ್ಜ ಏನಾಯಿತು ಅಂತ ಕೇಳಿದರು. ಹೇಳಿದೆ. ಅವರು ನಗಲಿಲ್ಲ. "ಕುಯ್ಯೋದು ಅಂದ್ರೆ ಬೋರ್ ಹೊಡೆಸೋದಾ?" ಅಂದರು. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕತ್ತಲಲ್ಲೇ, "ನಮ್ಮ ಅಳಿಯನೂ ಕುಯ್ತಾನೆ" ಅಂದರು.

ರಾಶಿ ಅಂತಲೇ ಹೆಸರಾದ ಡಾ. ಎಂ. ಶಿವರಾಂ ವೃತ್ತಿಯಲ್ಲಿ ವೈದ್ಯರು. 1942ರಲ್ಲಿ 'ಕೊರವಂಜಿ' ನಗೆಪತ್ರಿಕೆ ಶುರು ಮಾಡಿ ಸುಮಾರು 25 ವರ್ಷ ನಡೆಸಿದರು. ರೋಗಿಗಳನ್ನು ನೋಡೋ ಡಾಕ್ಟರಿಗೆ ಈ ಉಸಾಬರಿ ಯಾಕೆ ಬೇಕಿತ್ತು ಅಂತ ನನಗೆ ಅನ್ನಿಸುತ್ತಿತ್ತು. ಆ ಬೆಡ್ಡಿನ ಮೇಲೆ ಮಲಗಿದ ಮೇಲೆ ಹಾಗೆ ಅನ್ನಿಸಿಲ್ಲ. ಇನ್ನು ಇಂಗ್ಲಿಷು ಕನ್ನಡ ಕಲಸಿ ನಗಿಸಿದ ಕೈಲಾಸಂ ನಿಮ್ಮ "ಕಾಲ್ ಮಾಡ್ಲಾ" ಜೋಕು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರೋ ಬೆನ್ನಿಗೆ ಬಾರಿಸುತ್ತಿದ್ದರೋ, ಹೇಳೋದು ಕಷ್ಟ.

ಇದಕ್ಕೆಲ್ಲ ಥ್ಯಾಂಕ್ಸ್. ಆದರೆ ಜಾಸ್ತಿ ಥ್ಯಾಂಕ್ಸ್ ನೀವು ಸುಮ್ಮನಿದ್ದದ್ದಕ್ಕೆ. ಹೊಲಿಗೆ ಕೀವಾಗಿ ಜ್ವರ ಏರಿದಾಗ ಒಬ್ಬರೂ ಜೋಕ್ ಮಾಡಲಿಲ್ಲ. "ಊಟ ಸೇರ್ತಾ?", "ಜ್ವರ ಎಷ್ಟಿದೆ?" ಇಷ್ಟೇ. ಹೀಗೆ ಮಾಡೋಣ ಅಂತ ನೀವು ಮಾತಾಡಿಕೊಂಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಜ್ವರ ಇಳಿದ ಬೆಳಿಗ್ಗೆ ನಾನೇ "ಅಂತೂ ಕಾಲ ಕೂಡಿ ಬರ್ತಿದೆ" ಅಂತ ಬರೆದೆ. ಕಟ್ಟೆ ಒಡೆದ ಹಾಗೆ ನುಗ್ಗಿದಿರಿ. ಫೋನು ಬಿಸಿಯಾಯಿತು.

ರಕ್ತ ಕೊಟ್ಟವರು, ಬಿಲ್ಲಿಗೆ ಕೈಜೋಡಿಸಿದವರು ಹೆಸರು ಹಾಕಬೇಡ ಅಂದಿದ್ದಾರೆ. ಹಾಕಲ್ಲ.

ಮುಂದಿನ ಸಲ ಸೇರಿದಾಗ ನಡೆದೇ ಬರುತ್ತೇನೆ. ಊರುಗೋಲು ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದೆ, ಈಗ ಬೇಡ ಅನ್ನಿಸಿದೆ. ಕುಯ್ಯೋರು ಇಷ್ಟು ಜನ ಇರುವಾಗ ಕೈಯಲ್ಲಿ ಒಂದು ಕೋಲು ಇರೋದೇ ಒಳ್ಳೇದು.