ಪಾಂಟಿಯಾಕ್ ಕೈಬದಲಾಗುವ ಮುನ್ನ

ರಾಯಲ್ ಓಕ್, ಮಿಷಿಗನ್
ಮಾರ್ಚ್ ತಿಂಗಳು

ಚಿರಂಜೀವಿ ಮಗಳಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ನನ್ನ 1967ರ ಪಾಂಟಿಯಾಕ್ ಜಿಟಿಓ ಕಾರನ್ನು ನಿನ್ನ ಹೆಸರಿಗೆ ಮಾಡಿಕೊಡಲು ನಾನು ಒಪ್ಪಿದ ಮೇಲೆ ನೀನು ಬರೆದ ಪತ್ರ ತಲುಪಿತು. ಅದರಲ್ಲಿ ಎರಡು ಪ್ರಶ್ನೆ ಕೇಳಿದ್ದೀಯೆ: ಹಳೆಯ ಇಂಜಿನ್ ಇಳಿಸಿ, ಕಂಪ್ಯೂಟರ್ ನಿಯಂತ್ರಣದ ಫ್ಯುಯಲ್ ಇಂಜೆಕ್ಷನ್ ಇರುವ ಹೊಸ ಇಂಜಿನ್ ಕೂರಿಸಬಹುದೇ, ಮತ್ತು ಇಡೀ ಕಾರಿಗೆ ಹೊಸದಾಗಿ ಬಣ್ಣ ಹೊಡೆಸಬಹುದೇ ಎಂದು. ಕಾರು ನಿನ್ನದಾದ ಮೇಲೆ ತೀರ್ಮಾನವೂ ನಿನ್ನದೇ. ಆದರೆ ಅರ್ಧ ಶತಮಾನದಷ್ಟು ಕಾಲ ಅದನ್ನು ಇಟ್ಟುಕೊಂಡು ಬಂದವನಾಗಿ ಎರಡೂ ಬೇಡವೆಂದೇ ಹೇಳುತ್ತೇನೆ. ಒಂದು ಕಾರು ದಶಕಗಟ್ಟಲೆ ಬಾಳಬೇಕಾದರೆ ಅದನ್ನು ಆಗಾಗ ಓಡಿಸಬೇಕು, ಕೆಟ್ಟದ್ದನ್ನು ಆಗಿಂದಾಗ್ಗೆ ರಿಪೇರಿ ಮಾಡಬೇಕು, ಸರಿಯಾಗಿರುವುದಕ್ಕೆ ಕೈ ಹಾಕಬಾರದು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ನಿನ್ನ ಕೈಗೆ ಬರುತ್ತಿರುವುದು ಎಂಥ ಕಾರೆಂಬುದನ್ನು ಮೊದಲು ತಿಳಿದುಕೋ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಇಂಜಿನ್ ಕೂಡದೆಂಬ ಒಳನಿಯಮ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿದ್ದ ಕಾಲದಲ್ಲಿ, ಪಾಂಟಿಯಾಕ್ ವಿಭಾಗದ ಮುಖ್ಯ ಇಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು 389 ಘನ ಅಂಗುಲದ ವಿ-8 ಇಂಜಿನನ್ನು ಲೆಮಾನ್ಸ್ ಕಾರಿಗೆ ಹೆಚ್ಚುವರಿ ಆಯ್ಕೆಯ ಹೆಸರಿನಲ್ಲಿ ಸೇರಿಸಿ, 1964ರ ಮಾದರಿಯಾಗಿ ಮಾರುಕಟ್ಟೆಗೆ ತಂದರು. ಮಧ್ಯಮ ಗಾತ್ರದ ಮೈಗೆ ದೊಡ್ಡ ಇಂಜಿನ್ ಕೂರಿಸಿದ ಮಸಲ್ ಕಾರುಗಳ ಪೈಪೋಟಿಗೆ ದಾರಿ ತೆರೆದದ್ದು ಆ ಮೊದಲ ಜಿಟಿಓ. 1967ರ ಹೊತ್ತಿಗೆ ಇಂಜಿನ್ 400 ಘನ ಅಂಗುಲಕ್ಕೆ ಬೆಳೆದು 335 ಅಶ್ವಶಕ್ತಿ ಕೊಡುತ್ತಿತ್ತು. ಊರಿನಲ್ಲಿ ನಾವು ದೊಡ್ಡ ಕಾರೆಂದು ಕಣ್ಣರಳಿಸಿ ನೋಡುತ್ತಿದ್ದ ಅಂಬಾಸಿಡರ್ ಇಂಜಿನ್ 1,489 ಸಿ.ಸಿ. ಆಗಿದ್ದರೆ ಇದರದು ಸುಮಾರು 6,550 ಸಿ.ಸಿ. ಎಂಬುದನ್ನು ನೆನೆದರೆ, ಮೊದಲ ಸಲ ಇದರ ಸ್ಟೀರಿಂಗ್ ಹಿಡಿದಾಗ ನನಗೇನಾಯಿತೆಂಬುದನ್ನು ನೀನು ಊಹಿಸಿಕೊಳ್ಳಬಲ್ಲೆ.

ಆ ಕಾಲ ಬಹಳ ದಿನ ನಿಲ್ಲಲಿಲ್ಲ. ವಿಮಾ ಕಂಪನಿಗಳು ಇಂಥ ಕಾರುಗಳ ಮೇಲೆ ಹೆಚ್ಚಿನ ಕಂತು ಹೇರಿದವು. 1970ರ ಶುದ್ಧ ಗಾಳಿ ಕಾಯ್ದೆಯ ನಂತರ, 1971ರಲ್ಲಿ, ಜನರಲ್ ಮೋಟಾರ್ಸ್ ತನ್ನ ಇಂಜಿನ್‌ಗಳ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುವ ಪ್ರಮಾಣ, ಇಳಿಸಿತು. 1973ರ ಅರಬ್ ರಾಷ್ಟ್ರಗಳ ತೈಲ ನಿರ್ಬಂಧದಿಂದ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು, ಮರುವರ್ಷ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ ಮಿತಿ ಬಂತು. ಪೆಟ್ರೋಲ್ ಕುಡಿಯುವ ಇಂಥ ಕಾರುಗಳನ್ನು ಜನ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಿದ್ದ ಆ ದಿನಗಳಲ್ಲಿ, ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಹೊಸದಾಗಿ ಸೇರಿದ್ದ ನನ್ನಂಥ ವಲಸಿಗನೂ ಒಂದನ್ನು ಕೊಳ್ಳುವಂತಾಯಿತು.

ಈಗ ಇಂಜಿನ್ ವಿಷಯ. ಹೊಸ ಇಂಜಿನ್ ಹೆಚ್ಚು ಶಕ್ತಿಯದು, ಕಡಿಮೆ ಪೆಟ್ರೋಲ್ ಕೇಳುವಂಥದು ಎಂಬ ನಿನ್ನ ಮಾತು ನಿಜ. ಆದರೆ ಈ ಇಂಜಿನ್ ನಿನಗೆ ಕೊಡುವ ಒಂದು ಸ್ವಾತಂತ್ರ್ಯವನ್ನು ಅದು ಕೊಡಲಾರದು: ಇದರ ಯಾವ ತೊಂದರೆಯನ್ನೂ ಸ್ಪ್ಯಾನರ್, ಸಂದು ಅಳೆಯುವ ಫೀಲರ್ ಗೇಜ್ ಮತ್ತು ಕಿಡಿಯ ಗಳಿಗೆ ತೋರುವ ಟೈಮಿಂಗ್ ಲೈಟ್ ಹಿಡಿದು ನೀನೇ ಹುಡುಕಬಹುದು. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿರುವ ಪುಟ್ಟ ಕಿಟಕಿಯನ್ನು ಮೇಲೆತ್ತಿ, ಇಂಜಿನ್ ಓಡುತ್ತಿರುವಾಗಲೇ ಅಲೆನ್ ಕೀಲಿಯಿಂದ ಪಾಯಿಂಟ್‌ಗಳ ತಿರುಪನ್ನು ತಿರುಗಿಸಿ ಡ್ವೆಲ್, ಅಂದರೆ ಪಾಯಿಂಟ್‌ಗಳು ಮುಚ್ಚಿರುವ ಕೋನ, 30 ಡಿಗ್ರಿಗೆ ತರುವುದು, ಆಮೇಲೆ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, 6 ಡಿಗ್ರಿಗೆ ಕೂರಿಸುವುದು ಒಂದು ಮಧ್ಯಾಹ್ನದ ಕಲಿಕೆ. ಗಾಳಿಗೆ ಪೆಟ್ರೋಲ್ ಬೆರೆಸುವ, ಇದರ ಕ್ವಾಡ್ರಾಜೆಟ್ ಎಂಬ ಕಾರ್ಬ್ಯುರೇಟರನ್ನು ಬೈಯುವವರು ಬಹಳ ಮಂದಿ. ನಾನು ಅವರಲ್ಲಿ ಒಬ್ಬನಲ್ಲ. ಅದರ ಮುಂದಿನ ಎರಡು ಸಣ್ಣ ಕಂಡಿಗಳು ನಿಧಾನದ ಓಟಕ್ಕೆ ಸಾಕು, ಕಾಲು ಪೂರ್ತಿ ಒತ್ತಿದಾಗ ಮಾತ್ರ ಹಿಂದಿನ ದೊಡ್ಡ ಎರಡು ತೆರೆಯುತ್ತವೆ. ಕೆಲ ದಿನ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗಲು ಹಟ ಮಾಡಿದರೆ ಕಾರ್ಬ್ಯುರೇಟರಿನ ತಳದ ಪ್ಲಗ್‌ಗಳಿಂದ ಪೆಟ್ರೋಲ್ ಜಿನುಗಿ ಖಾಲಿಯಾಗಿದೆಯೆಂದು ಮೊದಲು ಶಂಕಿಸು. ಎಪಾಕ್ಸಿ ಅಂಟು ಹಚ್ಚಿದರೆ ಅದು ಮುಗಿಯುತ್ತದೆ, ಹೊಸ ಕಾರ್ಬ್ಯುರೇಟರ್ ಬೇಕಿಲ್ಲ.

ಇಂಜಿನ್ ಒಳಗೆ ನಾನು ಬದಲಿಸಿದ ಭಾಗಗಳೂ ಇವೆ, ಅವುಗಳ ಕಾರಣವನ್ನು ನೀನು ಅರಿತಿರಬೇಕು. ಕಾರ್ಖಾನೆಯಿಂದ ಬಂದಾಗ ಟೈಮಿಂಗ್ ಚೈನಿನ ಮೇಲಿನ ಗಾಲಿಗೆ ನೈಲಾನ್ ಹಲ್ಲುಗಳಿದ್ದವು. ವಯಸ್ಸಾದಂತೆ ಅವು ಸಿಡಿದು ಆಯಿಲ್ ಪ್ಯಾನಿಗೆ ಬಿದ್ದು, ಪಂಪ್ ಆಯಿಲ್ ಹೀರುವ ಜಾಲರಿಯನ್ನೇ ಕಟ್ಟಿಹಾಕಬಲ್ಲವು. ಈಗಿರುವ ಗಾಲಿ ಪೂರ್ತಿ ಲೋಹದ್ದು. ಸೀಸ ಬೆರೆತ ಪೆಟ್ರೋಲ್ 1996ರಲ್ಲಿ ರಸ್ತೆ ವಾಹನಗಳಿಗೆ ಪೂರ್ತಿ ನಿಷೇಧವಾಯಿತು. ಹಳೆಯ ಇಂಜಿನ್‌ಗಳ ವಾಲ್ವ್ ಕೂರುವ ಅಂಚು ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸ. ಆದ್ದರಿಂದ ಹೆಡ್ ಬಿಚ್ಚಿದ ಸಂದರ್ಭದಲ್ಲಿ ಗಟ್ಟಿ ಲೋಹದ ಸೀಟುಗಳನ್ನು ಹಾಕಿಸಿದೆ. ಕಂಪ್ರೆಷನ್ 10.75ರಷ್ಟು ಇರುವುದರಿಂದ ಪ್ರೀಮಿಯಂ ಪೆಟ್ರೋಲನ್ನೇ ಹಾಕು, ಏರುದಾರಿಯಲ್ಲಿ ಟಿಣಟಿಣ ಸದ್ದು ಕೇಳಿದರೆ ಕೂಡಲೇ ಕಾಲು ಸಡಿಲಿಸು. ಆಯಿಲ್ ಕೊಳ್ಳುವಾಗ ಸತು ಮತ್ತು ರಂಜಕದ ಸಂಯುಕ್ತ ಹೆಚ್ಚಿರುವುದನ್ನೇ ಆರಿಸು. ಹೊಸ ಕಾರುಗಳಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಉಳಿಸಲು ಈಗಿನ ಆಯಿಲ್‌ಗಳಲ್ಲಿ ಅದನ್ನು ತಗ್ಗಿಸಿದ್ದಾರೆ, ಅದಿಲ್ಲದೆ ಈ ಇಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಬೇಗ ಸವೆಯುತ್ತದೆ. ಶೇಕಡ 10ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ಆದ್ದರಿಂದ ಹೋಸ್‌ಗಳನ್ನು ಪ್ರತಿ ವಸಂತದಲ್ಲಿ ಬೆರಳಿನಿಂದ ಒತ್ತಿ ನೋಡುವುದನ್ನು ಮರೆಯಬೇಡ.

ಆದರೂ ಈ ಕಾರಿನ ನಿಜವಾದ ವೈರಿ ಉಪ್ಪು. ಡೆಟ್ರಾಯಿಟ್ ನಗರದ ಅಡಿಯಲ್ಲಿ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯೇ ಇದೆ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಲ್ಲಿ ಇಲ್ಲಿಯವರು ಜಿಪುಣತನ ತೋರುವುದಿಲ್ಲ, ನಿನ್ನ ಒಹಾಯೋದವರೂ ತೋರುವುದಿಲ್ಲ. ಮೊದಲ ಹಿಮ ಬೀಳುವ ಮುನ್ನ ಕಾರು ಒಳಗಿರಬೇಕು, ಮಳೆ ರಸ್ತೆಗಳನ್ನು ಚೆನ್ನಾಗಿ ತೊಳೆದ ಮೇಲೆಯೇ ಹೊರಬರಬೇಕು. ಹಿಂಗಾಜಿನ ಕೆಳಗಿನ ಕಾಲುವೆ, ಹಿಂಚಕ್ರಗಳ ಹಿಂದಿನ ಕೆಳ ಅಂಚು, ಡಿಕ್ಕಿಯ ತಳ, ಕಾಲಿಡುವ ಜಾಗದ ತಗಡು, ಚೌಕಟ್ಟಿಗೆ ಮೈ ಕೂರುವ ಬೋಲ್ಟುಗಳ ಸುತ್ತ, ಈ ಜಾಗಗಳನ್ನು ಟಾರ್ಚ್ ಹಿಡಿದು ನೋಡುತ್ತಿರು. ತುಕ್ಕು ಒಳಗಿನಿಂದ ಹುಟ್ಟಿ ಹೊರಗೆ ಬರುತ್ತದೆ. ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ.

ಬಣ್ಣ ಬೇಡವೆನ್ನುವುದಕ್ಕೂ ಇದೇ ಕಾರಣ. ಮಲೆನಾಡಿನ ನಮ್ಮ ಮನೆಯನ್ನು ಅಜ್ಜ ಕೆಡವಿ ಕಟ್ಟಿಸಲಿಲ್ಲ, ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚುಗಳನ್ನಷ್ಟೇ ತೆಗೆದು ಬೇರೆ ಹೊದಿಸುತ್ತಿದ್ದರು. ಆ ರೀತಿಯಲ್ಲೇ ಈ ಕಾರನ್ನೂ ನೋಡಿಕೊಂಡೆ. ಛಾವಣಿ ಮತ್ತು ಬಾಗಿಲುಗಳ ಮೇಲಿನ ಬಣ್ಣ ಕಾರ್ಖಾನೆಯದು, ಅಲ್ಲಲ್ಲಿ ತೆಳುವಾಗಿದೆ. ಹೊಸ ಬಣ್ಣದ ಕೆಳಗೆ ಯಾರು ಎಷ್ಟು ಪುಟ್ಟಿ ಮೆತ್ತಿದ್ದಾರೆಂದು ಯಾರಿಗೂ ತಿಳಿಯದು, ಇದರ ಮೈ ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ. ಇದು ಅಪರೂಪದ ಕಾರೆಂದು ಯಾರಾದರೂ ಹೊಗಳಿದರೆ ನಂಬಬೇಡ, ಆ ಒಂದು ವರ್ಷದಲ್ಲೇ 81,722 ಜಿಟಿಓಗಳು ತಯಾರಾದವು. ಅಪರೂಪವಾದದ್ದು ಇದರ ದಾಖಲೆ. ಮೊದಲೆರಡು ವರ್ಷ ಜಿಟಿಓ ಬರೀ ಆಯ್ಕೆಯಾಗಿದ್ದರಿಂದ ಆ ಕಾರುಗಳು ಜಿಟಿಓಗಳೆಂದು ಅವುಗಳ ಚಾಸಿ ನಂಬರಿನಿಂದ ಗುರುತಿಸಲಾಗದು. ಇದರ ನಂಬರು 242ರಿಂದ ಶುರುವಾಗುತ್ತದೆ, ಎಡ ಬಾಗಿಲಿನ ಕಂಬದ ಮೇಲಿದೆ. ಕಾರ್ಖಾನೆಯ ಬಿಲ್ಲಿನ ಪ್ರತಿಯನ್ನು ಹಳೆಯ ಪಾಂಟಿಯಾಕ್‌ಗಳ ದಾಖಲೆ ಒದಗಿಸುವ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್‌ನಿಂದ ತರಿಸಿಟ್ಟಿದ್ದೇನೆ. ಇಂಜಿನ್ ಬದಲಾದರೆ ಈ ಕಾಗದಕ್ಕೂ ಕಾರಿಗೂ ಹೊಂದಿಕೆ ತಪ್ಪುತ್ತದೆ. ಆಮೇಲೆ ಎಷ್ಟು ಖರ್ಚು ಮಾಡಿದರೂ ಅದು ಕೂಡಿ ಬರುವುದಿಲ್ಲ.

ಜೀವಕ್ಕೆ ಸಂಬಂಧಿಸಿದ ವಿಷಯದಲ್ಲಿ ಮಾತ್ರ ನನ್ನ ನಿಯಮವನ್ನು ಸಂಕೋಚವಿಲ್ಲದೆ ಮುರಿ. ನಾಲ್ಕೂ ಚಕ್ರಗಳಿಗಿರುವ ಡ್ರಮ್ ಬ್ರೇಕು ಇಳಿಜಾರಿನಲ್ಲಿ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. 1967ರಿಂದಲೇ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕ್ ಆಯ್ಕೆಯಾಗಿ ಸಿಗುತ್ತಿತ್ತು, ಆ ಮಾದರಿಯದನ್ನೇ ಹಾಕಿಸಿಕೋ, ಬಿಚ್ಚಿದ ಡ್ರಮ್‌ಗಳನ್ನು ಎಸೆಯದೆ ಎಣ್ಣೆ ಸವರಿ ಇಡು. ಸೊಂಟದ ಪಟ್ಟಿಯೊಂದೇ ಸಾಲದು, ಭುಜದ ಪಟ್ಟಿಯನ್ನೂ ಕೂರಿಸು. ಟೈರುಗಳ ಮೇಲಿನ ಗೀರುಗಳು ಸವೆಯದಿದ್ದರೂ ಅವುಗಳ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೋ.

ಕಾರನ್ನು ಮೇಣ ಹಚ್ಚಿ ಮುಚ್ಚಿಡಬೇಡ. ನಿಂತ ಕಾರಿನಲ್ಲಿ ಸೀಲುಗಳು ಒಣಗುತ್ತವೆ, ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಇಲಿಗಳು ವೈರು ಕಡಿಯುತ್ತವೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸು. 1995ರಲ್ಲಿ ಶುರುವಾಗಿ ಆಗಸ್ಟಿನಲ್ಲಿ ಇಲ್ಲಿನ ವುಡ್‌ವರ್ಡ್ ರಸ್ತೆಯಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ ಡ್ರೀಮ್ ಕ್ರೂಸ್‌ಗೆ ತರಬೇಕೆನಿಸಿದರೆ ಟ್ರೇಲರ್ ಮೇಲೆ ಹೇರಿ ತರಬೇಡ, ಓಡಿಸಿಕೊಂಡೇ ಬಾ. ಆದರೆ ಅಲ್ಲಿನ ನಿಧಾನದ ಸಾಲಿನಲ್ಲಿ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿರಲಿ. ಹರಾಜಿನ ಬೆಲೆಗಳನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ವಿಮೆಯನ್ನು ಮಾತ್ರ ಮೊದಲೇ ಒಪ್ಪಿದ ಮೌಲ್ಯದ ಆಧಾರದ ಮೇಲೆ ಮಾಡಿಸು.

2009ರಲ್ಲಿ ಪಾಂಟಿಯಾಕ್ ಹೆಸರನ್ನೇ ಕೈಬಿಡುವುದಾಗಿ ಜನರಲ್ ಮೋಟಾರ್ಸ್ ಘೋಷಿಸಿದಾಗ ಬಿಡಿಭಾಗ ಸಿಗದೆಂದು ಹೆದರಿದ್ದವರು ಹಲವರು. ಸಣ್ಣ ಕಂಪನಿಗಳು ಮರುತಯಾರಿಸುವುದರಿಂದ ಈಗಲೂ ಹೆಚ್ಚಿನವು ಸಿಗುತ್ತವೆ. ಹೊಳೆಯುವ ಪಟ್ಟಿಗಳ ಮರುತಯಾರಿ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ, ಹಳೆಯದನ್ನೇ ಹೊಳಪು ಮಾಡಿಸು.

ಏಪ್ರಿಲ್ ಕೊನೆಯ ವಾರ ಎರಡು ದಿನ ಬಿಡುವು ಮಾಡಿಕೊಂಡು ಬಾ. ಮೊದಲ ದಿನ ಟೈಮಿಂಗ್ ಮತ್ತು ಡ್ವೆಲ್ ಕೂರಿಸುವುದನ್ನು ನಿನ್ನ ಕೈಯಿಂದಲೇ ಮಾಡಿಸುತ್ತೇನೆ. ಟೈಟಲ್, ಅಂದರೆ ಮಾಲೀಕತ್ವದ ಪತ್ರ, ವರ್ಗಾವಣೆಯ ಕಾಗದ ಸಿದ್ಧವಾಗಿದೆ, ರಿಪೇರಿಗಳನ್ನೆಲ್ಲ ಬರೆದಿಟ್ಟ ಪುಸ್ತಕಗಳೂ ಅದರ ಜೊತೆಗಿವೆ. ಕೊನೆಯ ಪುಸ್ತಕದಲ್ಲಿ ಹಾಳೆಗಳು ಇನ್ನೂ ಬಹಳ ಉಳಿದಿವೆ, ನೀನು ಅದರಲ್ಲೇ ಮುಂದುವರಿಸು.

ಇತಿ ನಿನ್ನ ಪ್ರೀತಿಯ
ಚಿಕ್ಕಪ್ಪ