ತೋಟದ ಪತ್ರ ಬ್ಯಾಂಕಿಗೆ ಹೋಗುವ ಮೊದಲು

ಸಾಗರ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಹಿಡಿದು ಹತ್ತು ದಿನವಾಯಿತು, ಅಂಗಳಕ್ಕೆ ಇಳಿಯಲು ಬಿಟ್ಟಿಲ್ಲ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಶಿವಮೊಗ್ಗದಲ್ಲಿ ನೀನು ಕಾರಿನ ಡೀಲರ್‌ಶಿಪ್ ಹಿಡಿಯುತ್ತಿದ್ದೀಯ, ಕಂಪನಿಯಿಂದ ಒಪ್ಪಿಗೆ ಪತ್ರ ಬಂದಿದೆ, ಸಾಲಕ್ಕೆ ತೋಟದ ಪತ್ರ ಕೇಳಿದ್ದಾರೆ ಎಂದಳು. ಹೇಳುವಾಗ ಅವಳಿಗೆ ಹೆಮ್ಮೆಯೂ ಇತ್ತು, ಎದೆಯೊಳಗೆ ಅಳುಕೂ ಇತ್ತು. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ನೀನು "ಆಯಿತು ಮಾವ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಎರಡು ಸಲ ಓದು.

ನೀನು ವ್ಯಾಪಾರ ಮಾಡಬೇಡ ಎಂದು ನಾನು ಹೇಳುತ್ತಿಲ್ಲ. ಎಂಟು ವರ್ಷ ವರ್ಕ್‌ಶಾಪಿನಲ್ಲಿ ದುಡಿದಿದ್ದೀಯ. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಕಿವಿ ನಿನಗಿದೆ. ನಾನು ಬೇಡ ಎನ್ನುತ್ತಿರುವುದು, ಬೇರೆಯವರ ಹೆಸರು ಬರೆದ ಬೋರ್ಡನ್ನು ನಂಬಿ ಭಾವ ನೆಟ್ಟ ತೋಟವನ್ನು ಅಡ ಇಡುವುದನ್ನು. ಆ ಕಂಪನಿಯ ಮಾರಾಟ ಮೂರು ವರ್ಷದಿಂದ ಇಳಿಯುತ್ತಿದೆ ಎಂದು ನೀನೇ ಅಕ್ಕನ ಮುಂದೆ ಒಪ್ಪಿಕೊಂಡಿದ್ದೀಯ. ಆದರೂ "ಜಗತ್ತಿಗೇ ಗೊತ್ತಿರುವ ಕಂಪನಿ ಅಮ್ಮ, ಅಷ್ಟು ಸುಲಭಕ್ಕೆ ಗಂಟುಮೂಟೆ ಕಟ್ಟುವುದಿಲ್ಲ" ಎಂದೆಯಂತೆ. ಇದೇ ಮಾತನ್ನು ನಾನು ಹಿಂದೆ ಎರಡು ಸಲ ಕೇಳಿದ್ದೇನೆ. ಒಮ್ಮೆ ಶೆವರ್ಲೆಯ ವಿಷಯದಲ್ಲಿ, ಇನ್ನೊಮ್ಮೆ ಫೋರ್ಡ್ ವಿಷಯದಲ್ಲಿ.

ಟವೆರಾ ನಿನಗೆ ನೆನಪಿರಬೇಕು. ಸಿಗಂದೂರಿಗೆ ಸೇತುವೆ ಇಲ್ಲದ ಕಾಲದಲ್ಲಿ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ನಿಂತ ಹಳದಿ ಬೋರ್ಡಿನ ಗಾಡಿಗಳ ಸಾಲಿನಲ್ಲಿ ಟವೆರಾ ಇಲ್ಲದ ದಿನವಿರಲಿಲ್ಲ. ಅದು ಶೆವರ್ಲೆಯ ಗಾಡಿ. ಆ ಹೆಸರು ಇಲ್ಲಿಗೆ ಬಂದದ್ದು 2003ರಲ್ಲಿ, ಆಪ್ಟ್ರಾ ಕಾರಿನೊಂದಿಗೆ. ಅದರ ಒಡೆತನದ ಜನರಲ್ ಮೋಟಾರ್ಸ್ ಮಾತ್ರ ಈ ದೇಶಕ್ಕೆ ಹೊಸದಲ್ಲ. 1928ರಲ್ಲೇ ಬೊಂಬಾಯಿಯಲ್ಲಿ ಕಾರು ಜೋಡಿಸುತ್ತಿತ್ತು, 1954ರಲ್ಲಿ ಬಾಗಿಲು ಹಾಕಿತು. ತೊಂಬತ್ತರ ದಶಕದಲ್ಲಿ ಗುಜರಾತಿನ ಹಾಲೋಲ್‌ಗೆ ಬಂದು ಓಪೆಲ್ ಕಾರುಗಳನ್ನು ಮಾಡಿತು, 2006ರಲ್ಲಿ ಓಪೆಲ್ ಹೆಸರನ್ನೂ ಕೈಬಿಟ್ಟಿತು. ಅಂದರೆ ಬರುವುದು ಹೇಗೋ ಹೊರಡುವುದೂ ಅದಕ್ಕೆ ರೂಢಿಯಾಗಿತ್ತು. 2013ರ ಜುಲೈನಲ್ಲಿ 1.14 ಲಕ್ಷ ಟವೆರಾಗಳನ್ನು ವಾಪಸು ಕರೆಯಬೇಕಾಯಿತು. ಹೊಗೆ ತಪಾಸಣೆಯ ವಿಚಾರದಲ್ಲಿ ತನ್ನ ನೌಕರರೇ ನಿಯಮ ಮುರಿದಿದ್ದರೆಂದು ಕಂಪನಿ ಒಪ್ಪಿಕೊಂಡಿತು. ಅಲ್ಲಿಂದ ಮುಂದೆ ಜನರ ನಂಬಿಕೆ ಮತ್ತೆ ಮೇಲೇಳಲಿಲ್ಲ.

ಈಗ ಮುಖ್ಯವಾದದ್ದನ್ನು ಕೇಳು. 2015ರ ಜುಲೈನಲ್ಲಿ ಕಂಪನಿಯ ಮುಖ್ಯಸ್ಥೆ ಮೇರಿ ಬಾರಾ ಸ್ವತಃ ಭಾರತಕ್ಕೆ ಬಂದು, 100 ಕೋಟಿ ಡಾಲರ್ ಹೂಡುತ್ತೇವೆ ಎಂದು ಘೋಷಿಸಿದರು. ಪತ್ರಿಕೆಗಳಲ್ಲೆಲ್ಲ ದೊಡ್ಡದಾಗಿ ಬಂತು. ಆ ಸುದ್ದಿಯ ಭರವಸೆಯ ಮೇಲೆ ಡೀಲರುಗಳು ಷೋರೂಮಿಗೆ ಹೊಸ ಬಣ್ಣ ಹೊಡೆಸಿರಬೇಕು. ಎರಡು ವರ್ಷವೂ ತುಂಬಲಿಲ್ಲ. 2017ರ ಮೇ 18ರಂದು, ವರ್ಷಾಂತ್ಯಕ್ಕೆ ಇಲ್ಲಿ ಮಾರಾಟ ನಿಲ್ಲಿಸುತ್ತೇವೆ ಎಂದು ಪ್ರಕಟಣೆ ಹೊರಟಿತು. 2016-17ರಲ್ಲಿ ಅದು ದೇಶದೊಳಗೆ ಮಾರಿದ್ದು ಸುಮಾರು 26 ಸಾವಿರ ಕಾರು, ಹೊರದೇಶಗಳಿಗೆ ಕಳಿಸಿದ್ದು ಸುಮಾರು 71 ಸಾವಿರ. ಮಹಾರಾಷ್ಟ್ರದ ತಳೇಗಾಂವ್‌ನಲ್ಲಿದ್ದ ಅದರ ಕಾರ್ಖಾನೆ ಆಮೇಲೂ ರಫ್ತಿಗಾಗಿ ನಡೆಯಿತು. "ಕಂಪನಿಯ ಕಾರ್ಖಾನೆ ಚೆನ್ನಾಗಿ ನಡೆಯುತ್ತಿದೆ" ಎಂದು ನೀನು ಹೇಳಿದ್ದಕ್ಕೆ ಇದನ್ನು ಬರೆದೆ. ನಿನ್ನ ಕಂಪನಿಯ ಕಾರ್ಖಾನೆಯಿಂದ ಹೊರಡುವ ಲಾರಿಗಳು ಯಾವ ಕಡೆಗೆ ತಿರುಗುತ್ತವೆ ಎಂದು ವಿಚಾರಿಸು. ಬಂದರಿನ ಕಡೆಗಾದರೆ ಅದರಲ್ಲಿ ನಿನಗೆ ಪಾಲಿಲ್ಲ.

ಫೋರ್ಡ್ ಕಥೆ ಇನ್ನೂ ಹತ್ತಿರದ್ದು. ಅದರ ಗಾಡಿಯ ಬಗ್ಗೆ ನಾನು ಕೆಟ್ಟ ಮಾತು ಆಡಲಾರೆ. 1999ರಲ್ಲಿ ಬಂದ ಐಕಾನ್‌ನ ಸ್ಟೀರಿಂಗ್ ಹಿಡಿದು ಆಗುಂಬೆ ಘಾಟಿ ಇಳಿದವರು ಇವತ್ತಿಗೂ ಅದನ್ನು ಕೊಂಡಾಡುತ್ತಾರೆ. 2013ರಲ್ಲಿ ಬಂದ ಇಕೋಸ್ಪೋರ್ಟ್ ನಮ್ಮ ಮಲೆನಾಡಿನ ಹೊಂಡದ ರಸ್ತೆಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಸಣ್ಣ ಕಾರಿನ ಪೇಟೆಯನ್ನು ಮಾರುತಿ ಮತ್ತು ಹ್ಯುಂಡೈ ಹಿಡಿದುಕೊಂಡಿದ್ದವು. ಹೊರಡುವ ಹೊತ್ತಿಗೆ ಫೋರ್ಡ್ ಪಾಲು ನೂರಕ್ಕೆ ಎರಡನ್ನೂ ಮುಟ್ಟುತ್ತಿರಲಿಲ್ಲ. ಚೆನ್ನೈ ಬಳಿಯ ಮರೈಮಲೈ ನಗರದಲ್ಲಿ ಒಂದು, ಗುಜರಾತಿನ ಸಾನಂದದಲ್ಲಿ ಒಂದು ಎಂದು ಎರಡು ದೊಡ್ಡ ಕಾರ್ಖಾನೆ ಕಟ್ಟಿ, ಎರಡನ್ನೂ ಪೂರ್ತಿ ದುಡಿಸಲು ಆಗಲಿಲ್ಲ. ಮಹೀಂದ್ರಾ ಜೊತೆ ಕೂಡುವ ಒಪ್ಪಂದ 2020ರ ಡಿಸೆಂಬರ್ 31ರಂದು ಮುರಿದುಬಿತ್ತು. 2021ರ ಸೆಪ್ಟೆಂಬರ್ 9ರಂದು, ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಗಿದೆ, ಇಲ್ಲಿ ಇನ್ನು ಕಾರು ತಯಾರಿಸುವುದಿಲ್ಲ ಎಂದು ಹೇಳಿಬಿಟ್ಟರು.

ಆ ದಿನ ಡೀಲರುಗಳ ಒಕ್ಕೂಟ ಫಾಡಾ ಕೊಟ್ಟ ಲೆಕ್ಕ ನನಗೆ ಮರೆತಿಲ್ಲ. 170 ಡೀಲರುಗಳು, 391 ಮಳಿಗೆಗಳು, ಸುಮಾರು 2,000 ಕೋಟಿ ರೂಪಾಯಿ ಬಂಡವಾಳ, ಸುಮಾರು 40 ಸಾವಿರ ಕೆಲಸಗಾರರು. ಅದೇ ಹೇಳಿಕೆಯಲ್ಲಿ ಇನ್ನೊಂದು ಸಾಲು ಇತ್ತು: ಕಂಪನಿ ಐದು ತಿಂಗಳ ಹಿಂದಿನವರೆಗೂ ಹೊಸ ಡೀಲರುಗಳನ್ನು ನೇಮಿಸುತ್ತಲೇ ಇತ್ತು. ಪುಟ್ಟ, ಆ ಸಾಲನ್ನು ಓದಿದಾಗ ನನಗೆ ಊಟ ಸೇರಲಿಲ್ಲ. ಹೀಗೆ ನೇಮಕವಾದವರಲ್ಲಿ ಯಾರೋ ನಿನ್ನ ಹಾಗೆ ಒಪ್ಪಿಗೆ ಪತ್ರವನ್ನು ದೇವರ ಮುಂದಿಟ್ಟು ಮನೆಯವರಿಗೆ ಸಿಹಿ ಹಂಚಿರಬಹುದು. ಒಪ್ಪಿಗೆ ಪತ್ರ ಕೈಗೆ ಬಂತೆಂದರೆ ಕಂಪನಿ ಉಳಿಯುತ್ತದೆ ಎಂದು ಅರ್ಥವಲ್ಲ.

ಕಾರ್ಖಾನೆಗಳಿಗೆ ಏನಾಯಿತು ನೋಡು. ಹಾಲೋಲ್ ಎಂಜಿ ಕಂಪನಿಗೆ ಹೋಯಿತು, ತಳೇಗಾಂವ್ ಹ್ಯುಂಡೈಗೆ ಹೋಯಿತು, ಸಾನಂದವನ್ನು ಟಾಟಾ 725.7 ಕೋಟಿಗೆ ಕೊಂಡಿತು. ಚೆನ್ನೈ ಕಾರ್ಖಾನೆಯನ್ನು ರಫ್ತಿಗಾಗಿ ಮತ್ತೆ ತೆರೆಯುವ ಇಂಗಿತವನ್ನು ಫೋರ್ಡ್ 2024ರಲ್ಲಿ ತಮಿಳುನಾಡು ಸರ್ಕಾರಕ್ಕೆ ಬರೆದು ತಿಳಿಸಿತು. ಕಾರ್ಖಾನೆಯ ನೆಲಕ್ಕೂ ಯಂತ್ರಕ್ಕೂ ಕೊಳ್ಳುವವರು ಸಿಗುತ್ತಾರೆ. ಕಂಪನಿ ಹೇಳಿದ ಅಳತೆಗೆ, ಹೇಳಿದ ಬಣ್ಣಕ್ಕೆ, ಹೇಳಿದ ಗಾಜಿನಲ್ಲಿ ಕಟ್ಟಿಸಿದ ಷೋರೂಮನ್ನು ಕೇಳುವವರಿಲ್ಲ.

ಇದನ್ನು ನಾನು ಓದಿ ಮಾತ್ರ ಹೇಳುತ್ತಿಲ್ಲ. ಹನ್ನೊಂದು ವರ್ಷ ನಾನು ಬಿಡಿಭಾಗಗಳ ಕೌಂಟರಿನಲ್ಲಿ ಕೂತದ್ದು ನಿನಗೆ ಗೊತ್ತು. ಆ ಕಂಪನಿಯ ಹೆಸರು, ಆ ಧಣಿಗಳ ಹೆಸರು ಈ ಕಾಗದದಲ್ಲಿ ಬೇಡ. ಹಿಂದಿನ ಕೋಣೆಯಲ್ಲಿ ಮಾಡಿನ ತೊಲೆಗೆ ಬಂಪರ್‌ಗಳನ್ನು ತೂಗುಹಾಕಿರುತ್ತಿದ್ದೆವು, ಕೆಳಗೆ ಹೆಡ್‌ಲೈಟಿನ ಡಬ್ಬಿಗಳು, ಕ್ಲಚ್ ಪ್ಲೇಟುಗಳು, ಬಾಗಿಲಿನ ರಬ್ಬರುಗಳು. ಕಂಪನಿ ಹೊರಟಿತು ಎಂದು ಗೊತ್ತಾದ ಮೇಲೆ ಧಣಿಗಳು ಮತ್ತು ನಾನು ನಾಲ್ಕು ರಾತ್ರಿ ಕೂತು ಸ್ಟಾಕು ಎಣಿಸಿದೆವು. ವಾಪಸು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಪರಿಶೀಲನೆಗೆ ಬಂದ ಹುಡುಗ ಒಂದೊಂದೇ ಡಬ್ಬಿ ಎತ್ತಿ ನೋಡಿ ಪಕ್ಕಕ್ಕೆ ಇಡುತ್ತಾ ಹೋದ. ನಮ್ಮ ಮಳೆಗಾಲದ ತಂಡಿಗೆ ರಟ್ಟು ಮೆತ್ತಗಾಗಿ ಲೇಬಲ್ಲು ಎದ್ದುಬಂದಿತ್ತು. ಒಳಗಿನ ಸಾಮಾನು ಹೊಸದೇ. ಆದರೆ ಪ್ಯಾಕಿಂಗ್ ಕೆಟ್ಟಿದ್ದರೆ ತೆಗೆದುಕೊಳ್ಳುವಂತಿಲ್ಲ ಎಂದು ನಿಯಮವಂತೆ. ಧಣಿಗಳು ಒಂದು ಡಬ್ಬಿಯ ಲೇಬಲ್ಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಲು ನೋಡುತ್ತಿದ್ದರು. ಅವರು ಕೈ ತೆಗೆದ ಕೂಡಲೇ ಅದು ಮತ್ತೆ ಏಳುತ್ತಿತ್ತು. ಬಂಪರ್‌ಗಳು ಕೊನೆಗೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಎರಡು ವರ್ಷದ ಮೇಲೆ ಧಣಿಗಳು ತೀರ್ಥಹಳ್ಳಿ ಕಡೆಯ ಗದ್ದೆ ಮಾರಿ ಬ್ಯಾಂಕಿನ ಬಾಕಿ ತೀರಿಸಿದರು.

ಸ್ಟಾಕು ಎಣಿಸಿದ ತಿಂಗಳಲ್ಲೇ ನಿವೃತ್ತ ಮೇಷ್ಟ್ರೊಬ್ಬರು ಎಡಬದಿಯ ಹೆಡ್‌ಲೈಟಿಗಾಗಿ ಬರುತ್ತಿದ್ದರು. ಪಿಂಚಣಿಯ ದುಡ್ಡಿನಲ್ಲಿ ಕೊಂಡ ಕಾರು. ಕಂಪನಿಯ ಕಂಪ್ಯೂಟರಿನಲ್ಲಿ ಆರ್ಡರ್ ಹಾಕಿದರೆ ಬರುವ ದಿನಾಂಕ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸಿ ಹಳೆಯದೊಂದನ್ನು ತರಿಸಿಕೊಟ್ಟೆ. ಅವರು ಕಂಪನಿಯನ್ನು ಒಂದು ಮಾತೂ ಬೈಯಲಿಲ್ಲ. "ನೀವು ಹೇಳಿದ್ದಕ್ಕೆ ತೆಗೆದುಕೊಂಡೆ" ಎಂದರು. ಗಿರಾಕಿ ನಂಬುವುದು ಎದುರಿಗೆ ಕೂತು ಚಹಾ ಕೊಟ್ಟವನನ್ನು, ಪುಟ್ಟ. ನಾಳೆ ಸಂತೆಯಲ್ಲಿ, ಮದುವೆ ಮನೆಯಲ್ಲಿ ಅವರ ಮುಖ ನೋಡಬೇಕಾದವನು ನೀನು.

ಇನ್ನು ಲೆಕ್ಕಕ್ಕೆ ಬರೋಣ. ಮೂವತ್ತು ಕಾರು ಸ್ಟಾಕು ಇಡಬೇಕು ಎಂದರಂತೆ. ಒಂದಕ್ಕೆ ಹತ್ತು ಲಕ್ಷದ ಹಾಗೆ ಹಿಡಿದರೂ ಮೂರು ಕೋಟಿ. ಶೇಕಡಾ ಹತ್ತರ ಬಡ್ಡಿಯಲ್ಲಿ ತಿಂಗಳಿಗೆ ಎರಡೂವರೆ ಲಕ್ಷ ಬಡ್ಡಿಯೇ ಆಯಿತು. ಒಂದು ಕಾರಿಗೆ ನಿನಗೆ ಸಿಗುವುದು ನೂರಕ್ಕೆ ನಾಲ್ಕೈದು, ಅದರಲ್ಲೂ ಗಿರಾಕಿಗೆ ಬಿಡುವ ರಿಯಾಯಿತಿ ಕಳೆಯಬೇಕು. ತಿಂಗಳಿಗೆ ಆರು ಕಾರು ಮಾರಿದರೆ ಬಡ್ಡಿಗೇ ಸರಿಹೋಯಿತು. ಬಾಡಿಗೆ, ಸಂಬಳ, ಕರೆಂಟಿನ ಬಿಲ್ಲು ಎಲ್ಲಿಂದ ಬರುತ್ತದೆ? ಮಾರಾಟ ಏರುತ್ತಿರುವ ಕಂಪನಿಯಾದರೆ ಸ್ಟಾಕು ಬೇಗ ತಿರುಗಿ ಬಡ್ಡಿ ತಟ್ಟುವುದಿಲ್ಲ. ಇಳಿಯುತ್ತಿರುವ ಕಂಪನಿಯ ಕಾರು ಅಂಗಳದಲ್ಲಿ ನಿಂತು ದಿನವೂ ನಿನ್ನ ದುಡ್ಡು ತಿನ್ನುತ್ತದೆ. ಇದರ ಮೇಲೆ ನಿನ್ನ ವೈಯಕ್ತಿಕ ಜಾಮೀನು ಬೇರೆ.

ಸಹಿ ಹಾಕುವ ಮೊದಲು ಅಕ್ಕಪಕ್ಕದ ಊರಿಗೆ ಹೋಗಿ ಬಾ. ದಾವಣಗೆರೆ, ಚಿಕ್ಕಮಗಳೂರು, ಹುಬ್ಬಳ್ಳಿಗಳಲ್ಲಿ ಅದೇ ಕಂಪನಿಯ ಡೀಲರುಗಳು ಎಷ್ಟು ಜನ ಉಳಿದಿದ್ದಾರೆ, ಬಿಟ್ಟವರು ಏಕೆ ಬಿಟ್ಟರು ಎಂದು ಅವರ ಬಾಯಿಂದಲೇ ಕೇಳು. ಶಿವಮೊಗ್ಗದಲ್ಲಿ ನಿನಗಿಂತ ಮೊದಲು ಅದನ್ನು ಹಿಡಿದಿದ್ದವರು ಯಾರು ಎಂದು ಹುಡುಕು, ಇದ್ದೇ ಇರುತ್ತಾರೆ. ಎರಡು ವರ್ಷದಲ್ಲಿ ನಿಜವಾಗಿ ಹೊಸ ಗಾಡಿ ಬಂದಿದೆಯೋ, ಹಳೆಯದಕ್ಕೇ ಹೊಸ ಸ್ಟಿಕ್ಕರ್ ಬಂದಿದೆಯೋ ನೋಡು. ಕರಾರಿನಲ್ಲಿ, ಕಂಪನಿ ಹೊರಟರೆ ಬಿಡಿಭಾಗಗಳನ್ನೂ ವಿಶೇಷ ಉಪಕರಣಗಳನ್ನೂ ಕೊಂಡ ಬೆಲೆಗೆ ವಾಪಸು ಪಡೆಯುತ್ತದೆ, ಇಷ್ಟು ತಿಂಗಳು ಮೊದಲೇ ತಿಳಿಸುತ್ತದೆ, ಷೋರೂಮಿನ ಖರ್ಚಿನಲ್ಲಿ ಇಷ್ಟು ಪಾಲು ಕೊಡುತ್ತದೆ ಎಂದು ಬರೆಸಿಕೊಡಲು ಕೇಳು. ಡಬ್ಬಿಯ ರಟ್ಟಿನ ವಿಷಯವನ್ನೂ ಕೇಳು. ಬರೆದುಕೊಡಲು ಅವರು ಒಪ್ಪದಿದ್ದರೆ, ಬಾಯಿಮಾತಿನ ಭರವಸೆ ಹಿಡಿದುಕೊಂಡು ಬ್ಯಾಂಕಿಗೆ ಹೋಗಬೇಡ.

ನನ್ನ ಮನಸ್ಸಿನಲ್ಲಿ ಬೇರೆ ದಾರಿಯೊಂದಿದೆ. ನಿನ್ನದೇ ಹೆಸರಿನಲ್ಲಿ ಗ್ಯಾರೇಜ್ ಹಾಕು. ಎಲ್ಲ ಕಂಪನಿಯ ಗಾಡಿಯೂ ಬರಲಿ, ಅದರಲ್ಲೂ ಕಂಪನಿ ಬಿಟ್ಟುಹೋದ ಗಾಡಿಗಳು. ಭದ್ರಾವತಿಯಿಂದ ಹೊಸನಗರದವರೆಗೆ ಫೋರ್ಡಿನ ಇಕೋಸ್ಪೋರ್ಟ್, ಫಿಗೊ, ಶೆವರ್ಲೆಯ ಬೀಟ್ ಎಷ್ಟು ಓಡುತ್ತಿವೆ ಎಂದು ರಸ್ತೆ ಬದಿ ನಿಂತು ಒಂದು ದಿನ ಎಣಿಸಿ ನೋಡು. ಬಿಡಿಭಾಗ, ಸರ್ವಿಸ್ ಮುಂದುವರಿಸುತ್ತೇವೆ ಎಂದು ಫೋರ್ಡ್ ಮಾತು ಕೊಟ್ಟಿತ್ತು, ಸಾಮಾನು ಸಿಗುತ್ತಲೂ ಇದೆ. ಆದರೆ ದೊಡ್ಡ ಊರಿನವರೆಗೆ ಹೋಗಿ ಬರುವುದು ಅಡಿಕೆ ಕೊಯ್ಲಿನ ನಡುವೆ ಇರುವ ರೈತನಿಗೆ ಕಷ್ಟ. ಫೋರ್ಡಿನ ಡೀಸೆಲ್ ಗಾಡಿಗಳಿಗೆ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಬಂದಿದೆ, ಅದನ್ನು ಸರಿಯಾಗಿ ಮಾಡುವ ಕೈ ನಮ್ಮ ಕಡೆ ಎಷ್ಟಿವೆ? ಎರಡು ಲಿಫ್ಟ್, ಒಳ್ಳೆಯದೊಂದು ಸ್ಕ್ಯಾನರ್, ಇಬ್ಬರು ಹುಡುಗರು ಸಾಕು. ಬಿಡಿಭಾಗದ ಕೌಂಟರಿಗೆ ನಾನು ಬಂದು ಕೂರುತ್ತೇನೆ. ಯಾವ ಗಾಡಿಯ ಯಾವ ಭಾಗ ಇನ್ನೊಂದಕ್ಕೆ ಹೊಂದುತ್ತದೆ ಎಂದು ಬರೆದಿಟ್ಟ ಹಳೆಯ ಪುಸ್ತಕ ನನ್ನ ಹತ್ತಿರ ಇನ್ನೂ ಇದೆ. ಮೊದಲ ವರ್ಷ ಷೋರೂಮಿನ ಹೊಳಪು ಇರುವುದಿಲ್ಲ, ನಿನ್ನ ವಾರಿಗೆಯವರ ಎದುರು ಸಣ್ಣದು ಅನಿಸಬಹುದು. ಅದು ನನಗೆ ಗೊತ್ತು. ಸಾಲ ಬೇಕಾದರೆ ಉಪಕರಣದ ಮೇಲೆ ತೆಗೆ, ನನ್ನ ಠೇವಣಿಯಲ್ಲೂ ಸ್ವಲ್ಪವಿದೆ.

ಮಳೆ ಸ್ವಲ್ಪ ಬಿಟ್ಟರೆ ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಕರಾರಿನ ಪ್ರತಿ ತೆಗೆದಿಡು, ಇಬ್ಬರೂ ಕೂತು ಒಂದೊಂದು ಸಾಲೂ ಓದೋಣ. ಅಲ್ಲಿಯವರೆಗೆ ಪತ್ರದ ಪೆಟ್ಟಿಗೆಯ ಬೀಗದ ಕೈ ಅಕ್ಕನ ಹತ್ತಿರವೇ ಇರಲಿ. ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೋ ದ್ರಾವಣವನ್ನು ಎರಡನೆಯ ಸಲ ಹೊಡೆಯುವುದು ತಡವಾಗಿದೆ ಎಂದಳು, ಈ ಭಾನುವಾರ ಅದನ್ನೂ ಮುಗಿಸೋಣ.

ಇಂತಿ ನಿನ್ನ
ಸೋದರಮಾವ