ಕನ್ನಡ ವೆಬ್ ಸರಣಿಗೂ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕನ್ನಡದಲ್ಲಿ ವೆಬ್ ಸರಣಿ ನೋಡುವವರೇ ಇಲ್ಲ ಎಂಬ ಮಾತು ಚಿತ್ರರಂಗದವರಿಂದಲೂ ಪ್ರೇಕ್ಷಕರಿಂದಲೂ ಪದೇ ಪದೇ ಕೇಳಿಬರುತ್ತಿದೆ. ಸರಣಿಯೊಂದು ಬಂದಿದೆ ಎಂಬುದೇ ಜನರಿಗೆ ತಿಳಿಯದಿರುವಾಗ ಹೀಗೆ ತೀರ್ಮಾನಿಸುವುದು, ಅಂಗಡಿಯ ಬಾಗಿಲು ಹಾಕಿಕೊಂಡು ಗಿರಾಕಿ ಬರಲಿಲ್ಲವೆಂದು ದೂರಿದಂತೆ.

‘ಏಕಂ’ ಸರಣಿಯನ್ನೇ ನೋಡಿ. ಸುಮಂತ್ ಭಟ್ ರೂಪಿಸಿದ, ಕರಾವಳಿಯ ಏಳು ಬಿಡಿ ಕಥೆಗಳ ಈ ಸರಣಿಯ ಬೆನ್ನಿಗೆ ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ನಿಂತಿತ್ತು. 2020ರ ಆರಂಭದಲ್ಲಿ ಕೆಲಸಕ್ಕೆ ಸಿದ್ಧವಾಗಿದ್ದ ತಂಡ, ಕೋವಿಡ್ ಅಡ್ಡಿಗಳ ನಡುವೆಯೂ 2021ರಲ್ಲೇ ಸರಣಿಯನ್ನು ಮುಗಿಸಿತಾದರೂ, ಒಟಿಟಿ ವೇದಿಕೆಗಳು ಕೈ ಹಿಡಿಯದ ಕಾರಣ ಅದು ಪ್ರೇಕ್ಷಕರನ್ನು ತಲುಪಿದ್ದು 2024ರ ಜುಲೈ 13ರಂದು, ಅದೂ ಇದಕ್ಕೆಂದೇ ಮಾಡಿಕೊಂಡ ಸ್ವಂತ ಜಾಲತಾಣದಲ್ಲಿ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ, ಶೈನ್ ಶೆಟ್ಟಿ ಅವರಂಥ ನಟರಿದ್ದ ಸರಣಿಗೇ ಈ ಪಾಡು ಎಂದಮೇಲೆ ಹೊಸಬರ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ.

ಟಿ.ವಿ.ಗೆ ಜೋಡಿಸುವುದು ಹೇಗೆಂದು ತಿಳಿಯದೆ ನಾವು ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಇದನ್ನು ನೋಡಿದೆವು. ಉಡುಪಿ ಕಡೆಯವರಾದ ನನ್ನ ಅತ್ತೆ ಬೀನ್ಸ್ ನಾರು ತೆಗೆಯುತ್ತ ಅರೆಮನಸ್ಸಿನಿಂದ ಬಂದು ಕುಳಿತವರು, ಸ್ವಲ್ಪ ಹೊತ್ತಿನಲ್ಲಿ ಮೊರವನ್ನು ಬದಿಗೆ ಸರಿಸಿ, ‘ಇವ್ರೆಲ್ಲ ನಮ್ಮ ಹಾಗೇ ಮಾತಾಡ್ತಾರೆ ಮಾರಾಯ್ತಿ, ನಗಿಸ್ಲಿಕ್ಕೆ ಅಲ್ಲ’ ಎಂದರು. ಅವರ ಮಾತಿನಲ್ಲಿ ಹಳೆಯದೊಂದು ಬೇಸರವೂ ಇತ್ತು. ನಮ್ಮ ಸಿನಿಮಾಗಳು ಬಹಳ ಕಾಲ ಮಂಗಳೂರು ಕಡೆಯ ಕನ್ನಡವನ್ನು ಹಾಸ್ಯ ಪಾತ್ರಗಳಿಗೆ ಮೀಸಲಿಟ್ಟಿದ್ದವು. ಹೋಟೆಲಿನ ಭಟ್ಟರು ಬಾಯಿ ತೆರೆದು ‘ಎಂತದು ಮಾರಾಯ್ರೆ’ ಎಂದರೆ ಸಾಕು, ಚಿತ್ರಮಂದಿರ ನಗಬೇಕಿತ್ತು. ಅದೇ ಕನ್ನಡದಲ್ಲಿ ಮನುಷ್ಯರು ಜಗಳವಾಡುವುದನ್ನೂ ಸುಮ್ಮನಾಗುವುದನ್ನೂ ಕಂಡದ್ದು ಅವರಿಗೆ ದೊಡ್ಡ ಸಂಗತಿಯಾಗಿತ್ತು.

ಕಡಿಮೆ ಖರ್ಚಿನ ಸ್ವತಂತ್ರ ಸರಣಿಗಳ ಆಕರ್ಷಣೆ ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಇಡೀ ರಾಜ್ಯಕ್ಕೆ ಒಗ್ಗಲಿ ಎಂದು ಭಾಷೆಯನ್ನು ಸೋಸಬೇಕಾದ ಒತ್ತಡ ಅವುಗಳ ಮೇಲಿಲ್ಲ; ಮಧ್ಯಂತರಕ್ಕೊಂದು ತಿರುವು, ನಾಯಕನ ಪ್ರವೇಶಕ್ಕೊಂದು ಹೊಡೆದಾಟ ಹೊಂದಿಸುವ ಹಂಗೂ ಇಲ್ಲ. ಅದ್ದೂರಿತನದಿಂದ ಕಣ್ಣು ಕಟ್ಟಲು ದುಡ್ಡಿಲ್ಲವಾದ್ದರಿಂದ ಬರವಣಿಗೆ ಮತ್ತು ನಟನೆಯೇ ಭಾರ ಹೊರಬೇಕಾಗುತ್ತದೆ, ಮತ್ತು ಅವು ಸೋತರೆ ತಕ್ಷಣ ಗೊತ್ತಾಗಿಬಿಡುತ್ತದೆ. ‘ಏಕಂ’ನ ಏಳೂ ಕಥೆಗಳು ಒಂದೇ ಮಟ್ಟದಲ್ಲಿವೆ ಎಂದು ನಾನು ಹೇಳಲಾರೆ, ಒಂದೆರಡು ನನಗೆ ಎಳೆದಂತೆ ಕಂಡವು. ಆದರೂ ಹಣ ಕೊಟ್ಟದ್ದಕ್ಕೆ ಬೇಸರವಾಗಲಿಲ್ಲ.

2025ರಲ್ಲಿ ಜೀ5 ವೇದಿಕೆಯು ‘ಅಯ್ಯನ ಮನೆ’ಯ ಮೂಲಕ ಕನ್ನಡ ಸರಣಿಗಳತ್ತ ಮುಖ ಮಾಡಿದ್ದು ಸಮಾಧಾನದ ವಿಷಯ. ದೊಡ್ಡ ಸಂಸ್ಥೆಗಳ ಸರಣಿಗಳಿಗಾದರೆ ಪ್ರಚಾರ ತಾನಾಗಿ ಸಿಗುತ್ತದೆ. ಸ್ವಂತ ಬಲದ ಮೇಲೆ ಬರುವವರಿಗೆ ಪತ್ರಿಕೆಗಳ ನೆರವು ಬೇಕು. ತಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿ ವಾರಕ್ಕೊಮ್ಮೆ ಅರ್ಧ ಕಾಲಮ್ಮಿನಷ್ಟಾದರೂ ಜಾಗವನ್ನು ಇಂಥ ಸರಣಿಗಳ ವಿಮರ್ಶೆಗೆ ಮೀಸಲಿಟ್ಟು, ಅವು ಎಲ್ಲಿ ಸಿಗುತ್ತವೆ, ಎಷ್ಟು ಕಂತುಗಳಿವೆ, ಎಷ್ಟು ಹಣ ಕೊಡಬೇಕು ಎಂಬುದನ್ನೂ ತಿಳಿಸಬೇಕೆಂದು ಕೋರುತ್ತೇನೆ. ಆ ಪುಟವನ್ನು ಬಿಡದೆ ಓದುವ, ಆದರೆ ಜಾಲತಾಣಗಳನ್ನು ತಾವಾಗಿ ಹುಡುಕಲು ಬಾರದ ನನ್ನ ಅತ್ತೆಯಂಥವರು ನಿಮ್ಮ ಓದುಗರಲ್ಲಿ ಬಹಳ ಮಂದಿ ಇದ್ದಾರೆ.

– ಓರ್ವ ವಾಚಕಿ, ಬೆಂಗಳೂರು